ಹದಿನಾರಕ್ಕೆ ನಿಂತ ಕೂಗು

ತರೀಕೆರೆ
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ತೀರ್ಥಿಗೆ,

ಓಂಕಾರೇಶನ ನಮಸ್ಕಾರ. ಕವರಿನ ಹಿಂದೆ ನನ್ನ ಹೆಸರು ನೋಡಿ ನೀನು ಇದನ್ನು ಒಡೆಯದೆ ನಿನ್ನ ಅಂಗಡಿಯ ಸುಟ್ಟ ಮೋಟಾರುಗಳ ರಾಶಿಗೆ ಎಸೆದಿರಬಹುದು. ಎಸೆದರೆ ಎಸೆ, ಎರಡು ದಿನ ಬಿಟ್ಟಾದರೂ ಎತ್ತಿಕೊಂಡು ಓದು. ಒಡೆಯದೆ ಇಟ್ಟ ಕಾಗದ ಮನುಷ್ಯನಿಗೆ ಏನು ಮಾಡುತ್ತದೆ ಎನ್ನುವುದು ನನ್ನಷ್ಟು ಗೊತ್ತಿರುವವರು ಈ ಮೂರು ತಾಲ್ಲೂಕಿನಲ್ಲಿ ಯಾರೂ ಇಲ್ಲ.

ಫೋನು ಮಾಡಬಹುದಿತ್ತು. ನಂಬರನ್ನು ನಿನ್ನ ಮಗಳೇ ಕೊಟ್ಟಿದ್ದಾಳೆ. ಆದರೆ ನಿನ್ನ ದನಿ ಕೇಳಿದ ಕೂಡಲೇ ನಾನು ಮತ್ತೆ ಸುಳ್ಳು ಹೇಳಿಬಿಡುತ್ತೇನೆ ಎಂದು ನನಗೆ ಭಯ. ಅದೂ ಅಲ್ಲದೆ ಇದರ ಜೊತೆ ಒಂದು ವಸ್ತು ಕಳಿಸಬೇಕಾಗಿದೆ, ಅದು ಫೋನಿನಲ್ಲಿ ಬರುವಂಥದ್ದಲ್ಲ.

ಹೋದ ಶನಿವಾರ ಮಧ್ಯಾಹ್ನ ನಾನು ಒಂದು ಮದುವೆ ಮನೆಗೆ ಸೌಂಡ್ ಬಾಕ್ಸು ಹೇರಿಸುತ್ತಿದ್ದೆ. ಬಸ್‌ಸ್ಟ್ಯಾಂಡಿನ ಕಡೆಯಿಂದ ಒಬ್ಬಳು ಹುಡುಗಿ ಬಂದು ನಿಂತಳು. "ಓಂಕಾರೇಶ್ ಅಂಕಲ್ ಅಂದ್ರೆ ನೀವೇನಾ? ಕೂಗು ಹಾಡಲ್ಲಿ ಬೇಸ್ ಹೊಡ್ದಿರೋರು?" ಎಂದು ಕೇಳಿದಳು. ಊರಿನವರಿಗೆ ನಾನು ಮೈಕ್‌ಸೆಟ್ ಓಂಕಾರಪ್ಪ. ನಾನು ಒಂದು ಕಾಲದಲ್ಲಿ ಬೇಸ್ ಹೊಡೆದವನು ಎನ್ನುವುದು ನನ್ನ ಹೆಂಡತಿ ಸೌಮ್ಯಾಳಿಗೂ ಗೊತ್ತಿಲ್ಲ. ಕೈಯಲ್ಲಿದ್ದ ವೈರು ಕೆಳಗೆ ಬಿತ್ತು. ಮುಖ ನೋಡಿದೆ. ಒಂದು ಹುಬ್ಬು ಮೇಲೆ, ಒಂದು ಕೆಳಗೆ. ನಿನ್ನದೇ ಹುಬ್ಬು.

ನಿನ್ನ ಮಗಳು ಸ್ಫೂರ್ತಿ ನಮ್ಮ ಹಾಡನ್ನು ಇಂಟರ್ನೆಟ್ಟಿನಲ್ಲಿ ಕೇಳಿದ್ದಾಳಂತೆ. ಯಾರೋ ಹಳೇ ಕ್ಯಾಸೆಟ್ಟಿನ ಹುಚ್ಚರು ಹಾಕಿದ್ದಾರೆ. ಮುನ್ನೂರ ನಲವತ್ತು ಸಲ ಕೇಳಲಾಗಿದೆ ಎಂದು ಅದರ ಕೆಳಗೆ ಇದೆಯಂತೆ. "ಅದ್ರಲ್ಲಿ ಇನ್ನೂರು ಸಲ ನಾನೇ ಅಂಕಲ್" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಯಾಕೆ ಎಂದು ನಿನಗೆ ಸ್ವಲ್ಪ ಹೊತ್ತಿನಲ್ಲಿ ತಿಳಿಯುತ್ತದೆ.

ಮೈಸೂರಿನ ಹುಡುಗರ ಬ್ಯಾಂಡೊಂದು ಅವಳನ್ನು ಹಾಡಲು ಕರೆದಿದೆ, ಇಪ್ಪತ್ತೊಂದನೇ ತಾರೀಕು ಶುಕ್ರವಾರ ಅಲ್ಲಿರಬೇಕು, ನೀನು ಕಳಿಸುತ್ತಿಲ್ಲ ಎಂದಳು. ನೀನು ಹೇಳಿದ್ದನ್ನು ನಿನ್ನ ಹಾಗೇ ಗಂಟಲು ಮಾಡಿ ಒಪ್ಪಿಸಿದಳು. "ನಮ್ ಹಾಡು ಇಡೀ ರಾಜ್ಯಕ್ಕೆ ಹದಿನಾರನೇದು ಬಂದಿತ್ತು ಕಣವ್ವಾ. ಒಬ್ಬನಾದ್ರೂ ಬಾ ಅಂದ್ನಾ? ಅವ್ರು ಕೇಳ್ತಾರೆ, ತಲೆ ಆಡುಸ್ತಾರೆ, ಕರ್ಯಲ್ಲ. ನಮ್ಮಂಥೋರ್ನ ಕರ್ಯಲ್ಲ. ಹೋಗಿ ಸುಮ್ನೆ ಮನಸು ಮುರ್ಕಂಡು ಬರ್ಬ್ಯಾಡ."

ಆ ಮಾತು ಕೇಳಿದಾಗಿನಿಂದ ನಾನು ಸರಿಯಾಗಿ ಊಟ ಮಾಡಿಲ್ಲ ತೀರ್ಥಿ. ಅವಳು ಹೋದ ಮೇಲೆ ಹಳೇ ಸ್ಪೀಕರಿನ ಡಬ್ಬ ಸರಿಸುವಾಗ ಆಕಸ್ಮಿಕವಾಗಿ ಒಂದು ಕವರು ಸಿಕ್ಕಿತು. ಅದರ ವಿಷಯ ಹೇಳುವುದಕ್ಕೇ ಈ ಕಾಗದ. ನೀನು ಓದಿದ ಮೇಲೆ ಸ್ಫೂರ್ತಿಗೂ ಕೊಡು. ಅವಳಿಗೂ ತಿಳಿಯಲಿ ಎಂದು ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೈದುಕೊಳ್ಳಬೇಡ.

೧೯೯೭. ನಮ್ಮಪ್ಪ ಷಣ್ಮುಖಪ್ಪನವರ ಮೈಕ್‌ಸೆಟ್ ಅಂಗಡಿಯ ಹಿಂದಿನ ಕೋಣೆ. ಗಿಟಾರು ಮತ್ತು ಹಾಡು ನಿನ್ನದು, ಬೇಸ್ ಗಿಟಾರು ನನ್ನದು, ಡ್ರಮ್ಸು ಕಡೂರಿನ ದುಶ್ಯಂತನದು. ಗಿಟಾರುಗಳನ್ನು ಭದ್ರಾವತಿಯ ಆರ್ಕೆಸ್ಟ್ರಾದವರಿಂದ ಕಡ ತಂದಿದ್ದೆವು. ಡ್ರಮ್ಸು ದುಶ್ಯಂತನ ಚಿಕ್ಕಪ್ಪನ ಮದುವೆ ಬ್ಯಾಂಡಿನದು, ಅದರ ಹೊಟ್ಟೆಯ ಮೇಲೆ 'ಶುಭವಿವಾಹ' ಎಂದು ಬರೆದಿತ್ತು. ಹಾರ್ಡ್ ರಾಕ್ ಎಂದರೆ ಗಿಟಾರು ಗರಗರ ಎನ್ನಬೇಕು, ಅದಕ್ಕೊಂದು ಬೇರೆಯೇ ಯಂತ್ರ ಬೇಕು ಎಂದು ಎಲ್ಲೋ ಓದಿದ್ದೆವು. ಆ ಯಂತ್ರ ನಮಗೆ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಅಪ್ಪನ ದೊಡ್ಡ ಸ್ಪೀಕರಿನೊಳಗೆ ಇಲಿ ಸೇರಿ ಅದರ ಕಾಗದದ ಪರದೆಯನ್ನು ಕಡಿದು ಹಾಕಿತು. ನೀನು ಗಿಟಾರನ್ನು ಅದಕ್ಕೆ ಸಿಕ್ಕಿಸಿ ಒಂದು ತಂತಿ ಎಳೆದೆ. ಅಂಗಡಿಯ ತಗಡೆಲ್ಲ ಗುರುಗುಟ್ಟಿತು. ಮೂವರೂ ಮುಖ ಮುಖ ನೋಡಿಕೊಂಡೆವು. "ಈ ಇಲಿ ನಮ್ ಬ್ಯಾಂಡಿನ ನಾಲ್ಕನೇ ಮೆಂಬರ್ ಕಣ್ರೋ" ಎಂದ ದುಶ್ಯಂತ.

ಹಾಡಿಗೆ ಮಾತು ಇದ್ದದ್ದು ನಾಲ್ಕೇ ಸಾಲು. ಅದರ ಜೀವ ಇದ್ದದ್ದು ನಿಮ್ಮಪ್ಪನ ಕೂಗಿನಲ್ಲಿ. ಬೀರಪ್ಪನವರು ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಿನಲ್ಲಿ ಅಮೃತಮಹಲ್ ದನ ಕಾಯುತ್ತಿದ್ದರು. ಕೊಟ್ಟಿಗೆಯ ಸಾಧು ಹಸುಗಳಲ್ಲ ಅವು. ಗುರುತಿಲ್ಲದವರು ಹತ್ತಿರ ಹೋದರೆ ಕೊಂಬು ತಗ್ಗಿಸುವ ಜಾತಿ. ಅಂಥವು ನಿಮ್ಮಪ್ಪ ಬಂಡೆಯ ಮೇಲೆ ನಿಂತು ಕೈಯನ್ನು ಬಾಯಿಗೆ ಅಡ್ಡ ಇಟ್ಟು "ಹೋ… ಹೋ… ಬಾರವ್ವಾ…" ಎಂದರೆ ಎಲ್ಲೆಲ್ಲಿಂದಲೋ ಬರುತ್ತಿದ್ದವು. ನಾನು ಮೊದಲ ಸಲ ನೋಡಿದಾಗ ಮೈ ಜುಂ ಎಂದಿತ್ತು. ಬಂದ ದನಗಳಿಗೆಲ್ಲ ಅವರು ಕಂಬಳಿಯ ಗಂಟಿನಿಂದ ಕಲ್ಲುಪ್ಪು ತೆಗೆದು ನೆಕ್ಕಿಸುತ್ತಿದ್ದರು. ಅವತ್ತೇ ನಮಗಿಬ್ಬರಿಗೂ ಹೇಳಿದ್ದರು, ನೆನಪಿದೆಯೇ? "ಕೈಯಾಗೆ ಉಪ್ಪಿಲ್ದೆ ಕೂಗ್ಬಾರ್ದು ಕಣ್ರಲಾ. ಎಲ್ಡು ಸಲ ಸುಳ್ಳು ಕೂಗಿದ್ರೆ, ಮೂರನೇ ಸಲ ಚಿರ್ತೆ ಬಂದಾಗ ಕೂಗಿದ್ರೂ ದನ ಬರಾಕಿಲ್ಲ."

ನಾವು ಆ ಕೂಗನ್ನು ತೆಗೆದುಕೊಂಡೆವು, ಉಪ್ಪನ್ನು ಬಿಟ್ಟೆವು.

ದಾವಣಗೆರೆಯಲ್ಲಿ ರೆಕಾರ್ಡು ಮಾಡಿದವನು ಭಜನೆ ಕ್ಯಾಸೆಟ್ಟಿನವನು. "ಇದು ಯಾವ ದೇವ್ರ ಮೇಲಿನ ಹಾಡ್ರೀ?" ಎಂದು ಕೇಳಿದ. ನೀನು "ದನದ ಮೇಲಿಂದು" ಎಂದೆ. ಅವನು ಗೋವು ಎಂದು ತಿಳಿದುಕೊಂಡು, ಒಂದೇ ಹಾಡಿದ್ದ ಆ ಕ್ಯಾಸೆಟ್ಟಿನ ಮೇಲೆ 'ಭಕ್ತಿಗೀತೆ' ಎಂದು ಅಚ್ಚು ಹಾಕಿಸಿಬಿಟ್ಟ. ಬೀರೂರಿನ ಒಬ್ಬ ಅಜ್ಜಿ ಕೊಂಡುಹೋಗಿ, ಮಾರನೇ ದಿನ ವಾಪಸ್ ತಂದು, ನಮ್ಮಪ್ಪನಿಗೆ ಒಂದು ಗಂಟೆ ಬೈದುಹೋದಳು.

ಆಮೇಲೆ ಎಮ್ಮೆದೊಡ್ಡಿಯಲ್ಲಿ ನಡೆದದ್ದು. ಮೊದಲ ಕ್ಯಾಸೆಟ್ಟನ್ನು ನಿಮ್ಮಪ್ಪನಿಗೇ ಕೇಳಿಸೋಣ ಎಂದವನು ನಾನು, ನೀನಲ್ಲ. ಬಾಡಿಗೆ ಟೆಂಪೋದ ಮೇಲೆ ಮೈಕ್‌ಸೆಟ್ಟಿನ ಹಾರ್ನ್ ಕಟ್ಟಿಕೊಂಡು ಹೋದೆವು. ಕಾವಲಿನ ಅಂಚಿನಲ್ಲಿ ನಿಲ್ಲಿಸಿ ಹಾಡು ಹಾಕಿದೆವು. ನಾನು ಮೈಕು ಹಿಡಿದು, ಹಾಡು ಇಷ್ಟವಾದವರು ಬೆಂಗಳೂರಿನ 'ಸ್ವರವಾರ' ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ ಎಂದು ವಿಳಾಸವನ್ನೂ ಕೂಗಿ ಹೇಳಿದೆ. ಕೇಳಲು ಇದ್ದವರು ಏಳೆಂಟು ಜನ. ಅಷ್ಟರಲ್ಲಿ ನಿನ್ನ ಕೂಗು ಹಾರ್ನಿನಿಂದ ಹೊರಟಿತು ನೋಡು, ಗುಡ್ಡದ ಕಡೆಯಿಂದ ಧೂಳೆದ್ದಿತು. ನಲವತ್ತು ಐವತ್ತು ದನ. ಬಂದು ಟೆಂಪೋದ ಸುತ್ತ ನಿಂತು ಮೂತಿ ಮೇಲೆತ್ತಿ ನಮ್ಮ ಕೈ ನೋಡತೊಡಗಿದವು. ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ದುಶ್ಯಂತ ಹೆದರಿ ಟೆಂಪೋದ ಮೇಲೆ ಹತ್ತಿ ಹಾರ್ನನ್ನು ತಬ್ಬಿಕೊಂಡ. ನಾವು ಬಿದ್ದು ಬಿದ್ದು ನಕ್ಕೆವು.

ನಿಮ್ಮಪ್ಪ ಓಡಿ ಬಂದರು. ಬೈಯಲಿಲ್ಲ. ನಿನ್ನ ಕೈ ಹಿಡಿದು, ಅಂಗೈ ಬಿಡಿಸಿ ನೋಡಿ, ಕೈ ಬಿಟ್ಟರು. "ಹೋಗು" ಎಂದರು. ಅಷ್ಟೇ. ಅಂದಿನಿಂದ ನಿನ್ನ ಜೊತೆ ಮಾತು ಬಿಟ್ಟರು.

ನೀನು ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗತೊಡಗಿದೆ. "ಜನ ಈ ಹಾಡ್ನ ಮೆಚ್ಕಂಡ್ರು ಅಂತ ಒಂದು ಸಾಕ್ಷಿ ಸಿಗ್ಲಿ ಕಣೋ ಓಂಕಾರಿ. ಅಪ್ಪನ್ ಮುಂದೆ ಹೋಗಿ ನಿಂತ್ಕಂತೀನಿ" ಎಂದೆ ಒಂದು ದಿನ. ಆ ಸಾಕ್ಷಿಯನ್ನು ನಾನು ತಯಾರು ಮಾಡಿದೆ.

ಇದು ಮೊದಲ ತಪ್ಪೊಪ್ಪಿಗೆ. 'ಸ್ವರವಾರ'ದಲ್ಲಿ 'ಈ ವಾರದ ಇಪ್ಪತ್ತು' ಎಂಬ ಪಟ್ಟಿ ಬರುತ್ತಿತ್ತಲ್ಲ, ಓದುಗರ ಕಾರ್ಡು ಎಣಿಸಿ ಮಾಡುತ್ತಿದ್ದದ್ದು, ಅದಕ್ಕೆ ನಾನು ತೊಂಬತ್ತಾರು ಕಾರ್ಡು ಬರೆದೆ. ಬಲಗೈಯಲ್ಲಿ ಅರ್ಧ, ಎಡಗೈಯಲ್ಲಿ ಅರ್ಧ. ಕಾರವಾರ, ರಾಯಚೂರು, ಮಂಗಳೂರು, ಕೋಲಾರ ಎಂದು ಊರು ಹಾಕಿ, ಹೆಸರು ಹಾಕಿ, 'ಕೂಗು' ಹಾಡು ಅದ್ಭುತ ಎಂದು ಬರೆದು ಬಸ್‌ಸ್ಟ್ಯಾಂಡಿನ ಕೆಂಪು ಡಬ್ಬಕ್ಕೆ ಹಾಕಿದೆ.

ಎರಡು ವಾರ ಕಳೆದು ಪತ್ರಿಕೆ ಬಂತು. ಹತ್ತೊಂಬತ್ತನೇ ಸ್ಥಾನ: ಕೂಗು. ಮೇಲಿನ ಹದಿನೆಂಟೂ ಸಿನಿಮಾ ಹಾಡು. ನೀನು ಪೇಪರ್ ಅಂಗಡಿಯ ಮುಂದೆ ನನ್ನನ್ನು ಎತ್ತಿ ಕುಣಿದೆ. ಅಜ್ಜಂಪುರದ ಬಸ್ಸಿನ ಕಂಡಕ್ಟರು "ಏನ್ರಪ್ಪಾ, ಎಸ್ಸೆಲ್ಸಿ ಪಾಸಾದ್ರಾ?" ಎಂದು ಕೇಳಿದ. ನಿನ್ನ ಭುಜದ ಮೇಲೆ ಕೂತು ನಾನೂ ನಕ್ಕೆ. ಮರುವಾರ ಹದಿನಾರು. ನೀನು ಆ ಪತ್ರಿಕೆ ಹಿಡಿದು ಎಮ್ಮೆದೊಡ್ಡಿಗೆ ಹೋಗಿ ನಿಮ್ಮಪ್ಪನ ಮುಂದೆ ನಿಂತೆ. ಅವರು ಪತ್ರಿಕೆಯನ್ನು ನೋಡದೆ "ಯಾರಾರ ಕರುದ್ರೇನ್ಲಾ?" ಎಂದು ಕೇಳಿದರಂತೆ. ನೀನು "ಇನ್ನೂ ಇಲ್ಲ" ಎಂದೆಯಂತೆ. ಅವರು ಎದ್ದು ದನದ ಕಡೆ ಹೊರಟುಹೋದರಂತೆ. ಅದನ್ನು ನೀನು ತಿರಸ್ಕಾರ ಎಂದುಕೊಂಡೆ. ನಾನೂ ಹಾಗೇ ತಿಳಿದಿದ್ದೆ, ಮೊನ್ನೆ ಭಾನುವಾರದವರೆಗೆ.

ಈಗ ಎರಡನೆಯದು. ಮೇಲೆ 'ಆಕಸ್ಮಿಕವಾಗಿ ಒಂದು ಕವರು ಸಿಕ್ಕಿತು' ಎಂದು ಬರೆದಿದ್ದೇನೆ. ಅದು ಸುಳ್ಳು. ಹೊಡೆದುಹಾಕುವುದಿಲ್ಲ, ಹಾಗೇ ಇರಲಿ. ನನ್ನ ಕೈಗೆ ಸುಳ್ಳು ಎಷ್ಟು ಸಲೀಸು ಎನ್ನುವುದು ನಿನಗೂ ಕಾಣಲಿ.

ಆ ಕವರು ಬಂದದ್ದು ಹದಿನಾರನೇ ಸ್ಥಾನ ಬಂದ ವಾರವೇ. ಕಾವಲಿಗೆ ಟಪ್ಪಾಲು ಸರಿಯಾಗಿ ಬರುವುದಿಲ್ಲ ಎಂದು ಕ್ಯಾಸೆಟ್ಟಿನ ಮೇಲೆ ನಮ್ಮ ಅಂಗಡಿಯ ವಿಳಾಸ ಕೊಟ್ಟಿದ್ದೆವು. ಪೋಸ್ಟ್‌ಮ್ಯಾನ್ ಬಸವರಾಜಪ್ಪ ತಂದುಕೊಟ್ಟ. ಮೇಲೆ 'ಸ್ವರವಾರ'ದ ಮೊಹರು, ಕೆಂಪು ಶಾಯಿಯಲ್ಲಿ 'ತುರ್ತು, ಉತ್ತರಿಸಿ' ಎಂಬ ಬರಹ, ಅದಕ್ಕೆ ಅಡಿಗೆರೆ. ಕಾರ್ಡಿನ ಕಳ್ಳತನ ಗೊತ್ತಾಗಿದೆ, ಪತ್ರಿಕೆಯಲ್ಲಿ ಹಾಕುತ್ತಾರೆ, ಪೊಲೀಸರು ಬರುತ್ತಾರೆ, ಅಪ್ಪನ ಅಂಗಡಿಯ ಹೆಸರು ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹದಿನಾರು ಎನ್ನುವುದು ನನ್ನ ಎಡಗೈಯ ಕೆಲಸ ಎಂದು ನಿನಗೆ ತಿಳಿಯುತ್ತದೆ. ಒಡೆಯಲಿಲ್ಲ. ಇಲಿ ಕಡಿದ ಆ ಸ್ಪೀಕರಿನ ಹಿಂದಿನ ಹಲಗೆ ಬಿಚ್ಚಿ, ಒಳಗೆ ಹಾಕಿ, ಮೊಳೆ ಹೊಡೆದೆ.

ನೀನು ದಿನವೂ ಬೆಳಿಗ್ಗೆ ಎದ್ದು ಕೇಳುತ್ತಿದ್ದೆ. "ಏನಾದ್ರೂ ಬಂತೇನೋ ಓಂಕಾರಿ?" ನಾನು ದಿನವೂ "ಇಲ್ಲ ಕಣೋ" ಎನ್ನುತ್ತಿದ್ದೆ. ನೀನು ಕೂತು ಕೇಳುತ್ತಿದ್ದದ್ದು ಆ ಸ್ಪೀಕರಿನ ಮೇಲೆಯೇ. ಮೂರನೇ ವಾರ ಹಾಡು ಪಟ್ಟಿಯಲ್ಲಿ ಇರಲಿಲ್ಲ. ನಾಲ್ಕನೇ ವಾರವೂ ಇರಲಿಲ್ಲ. ಐದನೇ ವಾರ ನೀನು ಕೇಳುವುದನ್ನು ಬಿಟ್ಟೆ. ಗಿಟಾರನ್ನು ಭದ್ರಾವತಿಗೆ ಮುಟ್ಟಿಸಿ, ಅಜ್ಜಂಪುರಕ್ಕೆ ಹೋಗಿ ಮೋಟಾರ್ ವೈಂಡಿಂಗ್ ಕಲಿಯಲು ಸೇರಿಕೊಂಡೆ. ಹೋಗುವಾಗ "ನಿನ್ ಕೈಲಾದ್ದು ನೀನ್ ಮಾಡ್ದೆ ಬಿಡು" ಎಂದು ನನ್ನ ಬೆನ್ನು ತಟ್ಟಿದೆ. ಆ ಜಾಗ ಈಗಲೂ ಉರಿಯುತ್ತದೆ.

ನಾನು ನಿನ್ನ ಮದುವೆಗೆ ಬರಲಿಲ್ಲ. ನಿಮ್ಮಪ್ಪ ತೀರಿಕೊಂಡಾಗ ನೀನು ಹೇಳಿಕಳಿಸಿದೆ, ಬರಲಿಲ್ಲ. ಓಂಕಾರಿ ದೊಡ್ಡ ಮನುಷ್ಯನಾದ ಎಂದು ನೀನು ದುಶ್ಯಂತನ ಹತ್ತಿರ ಹೇಳಿದೆಯಂತೆ. ದೊಡ್ಡಸ್ತಿಕೆಯಲ್ಲ ಮಾರಾಯ. ಅಜ್ಜಂಪುರದಲ್ಲಿ ಸೌಂಡ್ ಸಿಸ್ಟಮ್ ಹಾಕುವ ಕೆಲಸ ಬಂದರೆ ಆಳುಗಳನ್ನು ಕಳಿಸಿ ನಾನು ಮನೆಯಲ್ಲಿ ಉಳಿಯುತ್ತಿದ್ದೆ. ಆ ಸ್ಪೀಕರನ್ನು ಮಾತ್ರ ಗುಜರಿಗೆ ಹಾಕಲಿಲ್ಲ. ಪ್ರತಿ ಆಯುಧಪೂಜೆಗೂ ಎಲ್ಲ ಡಬ್ಬಗಳ ಜೊತೆ ಅದಕ್ಕೂ ಕುಂಕುಮ ಇಟ್ಟು ಕೈ ಮುಗಿಯುತ್ತೇನೆ. "ಕೆಟ್ಟಿರೋ ಡಬ್ಬಕ್ಕೆ ಯಾಕ್ರೀ ಹೂವ?" ಎಂದು ಸೌಮ್ಯ ಪ್ರತಿ ವರ್ಷ ಕೇಳುತ್ತಾಳೆ. ಇಪ್ಪತ್ತೆಂಟು ಕುಂಕುಮ ಆಗಿದೆ ಅದಕ್ಕೆ.

ಶನಿವಾರ ಸ್ಫೂರ್ತಿ ಹೊರಡುವಾಗ, ಅಂಗಡಿಯ ಒಳಗೆ ನಿಂತು ಆ ಕೂಗನ್ನು ಒಂದು ಸಲ ಕೂಗಿ ತೋರಿಸಿದಳು. ಎದುರಿನ ಎಳನೀರಿನವನು ಕತ್ತಿ ಹಿಡಿದುಕೊಂಡೇ ತಿರುಗಿ ನೋಡಿದ. ನಿಮ್ಮಪ್ಪನನ್ನು ಅವಳು ಕಂಡವಳಲ್ಲ. ಆದರೂ 'ಬಾರವ್ವಾ' ಎನ್ನುವಲ್ಲಿ ಅವರು ಉಸಿರು ಬಿಡುತ್ತಿದ್ದ ಹಾಗೇ ಬಿಟ್ಟಳು. ಅವತ್ತು ಒಡೆಯುವ ಧೈರ್ಯ ಬರಲಿಲ್ಲ. ಭಾನುವಾರ ಬೆಳಿಗ್ಗೆ ಸೌಮ್ಯ ಕಡೂರಿಗೆ ಹೋದ ಮೇಲೆ ಮೊಳೆ ಕಿತ್ತೆ.

ಒಳಗೆ ಎರಡು ಕಾಗದ ಇದ್ದವು. ಒಂದು ಸಂಪಾದಕರದು. ನನ್ನ ಕಾರ್ಡುಗಳ ಬಗ್ಗೆ ಅವರು ಬರೆದದ್ದನ್ನು ಹಾಗೇ ಇಳಿಸುತ್ತೇನೆ: 'ಮಂಗಳೂರಿನಲ್ಲಿ ಒಂಬತ್ತು ಮಂದಿ ಕರಿಬಸಮ್ಮಂದಿರೂ ಕಾರವಾರದಲ್ಲಿ ಹನ್ನೊಂದು ಮಂದಿ ಷಣ್ಮುಖಪ್ಪಂದಿರೂ ಇರುವ ವಿಷಯ ನಮಗೆ ತಿಳಿದಿರಲಿಲ್ಲ. ಅವರೆಲ್ಲರೂ ಕಾರ್ಡು ಹಾಕಲು ತರೀಕೆರೆಗೇ ಬರುವುದು ಇನ್ನೂ ಆಶ್ಚರ್ಯ.' ಅಂಚೆಯ ಮುದ್ರೆ ತೀರ್ಥಿ! ತೊಂಬತ್ತಾರು ಕಾರ್ಡಿನ ಮೇಲೂ ತರೀಕೆರೆಯ ಮುದ್ರೆ. ಹೆಸರುಗಳೋ, ನಮ್ಮಪ್ಪ, ನಮ್ಮಜ್ಜಿ, ನಮ್ಮ ಓಣಿಯವರು. ಬೇರೆ ಊರಿನಲ್ಲಿ ಬೇರೆ ಹೆಸರು ಇರುತ್ತವೆ ಎನ್ನುವುದು ಕೂಡ ನನ್ನ ತಲೆಗೆ ಹೊಳೆದಿರಲಿಲ್ಲ. ಅವರು ಮೊದಲ ದಿನವೇ ನಕ್ಕು, ಎಲ್ಲವನ್ನೂ ಕಸದ ಬುಟ್ಟಿಗೆ ಹಾಕಿದ್ದರು. ಒಂದನ್ನೂ ಎಣಿಸಿರಲಿಲ್ಲ.

ಎಣಿಸದೇ ಹತ್ತೊಂಬತ್ತು ಹೇಗೆ ಬಂತು ಎಂದರೆ, ಆ ಕಾರ್ಡುಗಳ ನಡುವೆ ಬೇರೆಯದೊಂದು ಕಾರ್ಡು ಇತ್ತಂತೆ. ಅದನ್ನು ಓದಿದ ಮೇಲೆ ಕಚೇರಿಯವರೆಲ್ಲ ಸೇರಿ ಕ್ಯಾಸೆಟ್ಟು ತರಿಸಿ ಕೇಳಿದರಂತೆ. ಕೇಳಿ ತಾವೇ ಪಟ್ಟಿಗೆ ಹಾಕಿದರು. ಅದನ್ನು ನೋಡಿ ಕ್ಯಾಸೆಟ್ಟು ಹುಡುಕಿ ಕೇಳಿದ ಮೂವತ್ತೋ ನಲವತ್ತೋ ಜನ ನಿಜವಾಗಿ ಕಾರ್ಡು ಬರೆದರು. ಹದಿನಾರು ಆದದ್ದು ಹಾಗೆ. ಹದಿನಾರು ನನ್ನ ಎಡಗೈಯದಲ್ಲ ತೀರ್ಥಿ. ಅದು ನಿನ್ನದೇ.

ಕೊನೆಗೆ ಅವರು ಬರೆದಿದ್ದರು: 'ಮುಂದಿನ ತಿಂಗಳು ನಮ್ಮ ಪತ್ರಿಕೆಯ ಹುಟ್ಟುಹಬ್ಬ. ನೀವು ಮೂವರೂ ಬೆಂಗಳೂರಿಗೆ ಬಂದು ಹಾಡಬೇಕು. ಒಂದು ಕ್ಯಾಸೆಟ್ ಕಂಪನಿಯವರೂ ಬರುತ್ತಾರೆ. ಒಂದು ವಾರದೊಳಗೆ ಉತ್ತರ ಬರೆಯಿರಿ. ಬರದಿದ್ದರೆ ನಿಮಗೆ ಆಸಕ್ತಿ ಇಲ್ಲವೆಂದು ತಿಳಿದು ಪಟ್ಟಿಯಿಂದಲೂ ಬಿಡುತ್ತೇವೆ.'

ನೀನು ಇಪ್ಪತ್ತೆಂಟು ವರ್ಷದಿಂದ ಯಾರೂ ಕರೆಯಲಿಲ್ಲ ಎನ್ನುತ್ತಿದ್ದೀಯ. ಕರೆದಿದ್ದರು. ಬಂದ ಕರೆಯ ಮೇಲೆ ನಿನ್ನನ್ನು ಕೂರಿಸಿ, ಬಂದಿಲ್ಲ ಎಂದವನು ನಾನು. ಹೋಗಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿಲ್ಲ. ಬಹುಶಃ ಏನೂ ಆಗುತ್ತಿರಲಿಲ್ಲ. ದುಶ್ಯಂತನಿಗೆ ಬಸ್ಸಿನಲ್ಲಿ ವಾಂತಿಯಾಗುತ್ತಿತ್ತು, ನಾವು ತಾಳ ತಪ್ಪುತ್ತಿದ್ದೆವು, ವಾಪಸ್ ಬರುತ್ತಿದ್ದೆವು. ಆದರೆ ನೀನು ಕರೆಸಿಕೊಂಡವನಾಗಿ ವಾಪಸ್ ಬರುತ್ತಿದ್ದೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಕೇಳುವುದು ಇಷ್ಟೇ. ನನ್ನ ಹೆದರಿಕೆಯನ್ನು ನೀನು ಲೋಕದ ರೀತಿ ಎಂದು ತಿಳಿದು ಮಗಳಿಗೆ ಪಾಠ ಹೇಳಬೇಡ. ನಮ್ಮಂಥವರನ್ನು ಕರೆಯುವುದಿಲ್ಲ ಎನ್ನುವ ಮಾತನ್ನು ವಾಪಸ್ ತೆಗೆದುಕೋ. ಶುಕ್ರವಾರ ಅವಳು ಮೈಸೂರಿನಲ್ಲಿರಲಿ. ಹಿಂದಿನ ದಿನ, ಇಪ್ಪತ್ತನೇ ತಾರೀಕು ಗುರುವಾರ ಬೆಳಿಗ್ಗೆ ಏಳಕ್ಕೆ ನಾನು ವ್ಯಾನು ತೆಗೆದುಕೊಂಡು ಬಂದು ನಿನ್ನ ಅಂಗಡಿಯಿಂದ ಸ್ವಲ್ಪ ದೂರದಲ್ಲಿ ನಿಂತಿರುತ್ತೇನೆ. ಅವಳನ್ನು ಕಳಿಸು. ನೀನೂ ಬರುವುದಾದರೆ ಮುಂದಿನ ಸೀಟು ಖಾಲಿ ಇಟ್ಟಿರುತ್ತೇನೆ. ಬಂದು ಹೊಡೆಯುವುದಾದರೂ ಸರಿ, ಗಾಜು ಇಳಿಸಿಕೊಂಡೇ ಇರುತ್ತೇನೆ.

ಇಂತಿ ನಿನ್ನ,
ಕೈಯಲ್ಲಿ ಉಪ್ಪಿಲ್ಲದೆ ತೊಂಬತ್ತಾರು ಸಲ ಕೂಗಿದ
ಓಂಕಾರಿ

ಮರೆಯದೆ ಇದನ್ನೂ ಓದು: ಕವರಿನಲ್ಲಿದ್ದ ಎರಡನೆಯದೇ ಆ ಬೇರೆ ಕಾರ್ಡು. ಇದು ನಿಮ್ಮಲ್ಲಿಯೇ ಇರಬೇಕಾದದ್ದು ಎಂದು ಸಂಪಾದಕರು ವಾಪಸ್ ಕಳಿಸಿದ್ದರು. ಈ ಕಾಗದದ ಮಡಿಕೆಯಲ್ಲಿ ಇಟ್ಟಿದ್ದೇನೆ, ಹುಷಾರಾಗಿ ತೆಗೆ, ಅಂಚು ಪುಡಿಯಾಗುತ್ತಿದೆ. ಎಮ್ಮೆದೊಡ್ಡಿಯ ಮುದ್ರೆ ಇದೆ. ಅಕ್ಷರ ಶಾಲೆಯ ರಾಮಯ್ಯ ಮೇಷ್ಟ್ರದು, ಕೆಳಗಿನ ಹೆಬ್ಬೆಟ್ಟು ಯಾರದು ಎಂದು ನಿನಗೆ ಹೇಳಬೇಕಾಗಿಲ್ಲ. ಶಾಯಿ ಮಾಸಿದೆ, ನಿನ್ನ ಕಣ್ಣಿಗೆ ಕಾಣದಿದ್ದರೆ ಎಂದು ಇಲ್ಲಿ ಇಳಿಸಿದ್ದೇನೆ:

'ಪತ್ರಿಕೆಯವರಿಗೆ ದನ ಕಾಯುವ ಬೀರಪ್ಪ ಬರೆಸುವುದು. ಕೂಗು ಎಂಬ ಹಾಡು ನನ್ನ ಮಗನದು. ಅದನ್ನು ಕೇಳಿ ಕಾವಲಿನ ದನ ಬಂದವು. ಹುಡುಗರ ಕೈ ಖಾಲಿ ಇತ್ತು. ಅವರು ಹೋದ ಮೇಲೆ ಎಲ್ಲಕ್ಕೂ ಉಪ್ಪು ನಾನು ಕೊಟ್ಟೆನು. ಕೂಗು ಸುಳ್ಳಾಗಲಿಲ್ಲ. ಅವನನ್ನು ಒಂದು ಸಲ ಕರೆಯಿರಿ.'